ಒಣಹುಲ್ಲಿನ ಸುರುಳಿ: ಹೊರಪದರದ ಬೆಲೆ

ಮಾಂಸಕ್ಕಾಗಿ ದನ ಸಾಕುವ ಅಮೆರಿಕದ ರೈತನಿಗೆ ಚಳಿಗಾಲವೇ ದುಬಾರಿ ಕಾಲ. ಹುಲ್ಲುಗಾವಲು ಹಿಮದಡಿ ಸೇರಿದಾಗ ಬೇಸಿಗೆಯಲ್ಲಿ ಕೊಯ್ದಿಟ್ಟ ಒಣಹುಲ್ಲೇ ಗತಿ. 1970ರ ದಶಕದ ಆರಂಭದಲ್ಲಿ ಅಯೋವಾ ರಾಜ್ಯದ ಗ್ಯಾರಿ ವರ್ಮೀರ್ ದೊಡ್ಡ ದುಂಡು ಸುರುಳಿ ಸುತ್ತುವ ಯಂತ್ರ ತಂದರು. ಕೂಲಿ ಉಳಿಯಿತು. ಜೊತೆಗೇ ಸುರುಳಿಗಳನ್ನು ಬಯಲಲ್ಲೇ ಬಿಡುವ ಅಭ್ಯಾಸವೂ ಬೆಳೆಯಿತು.

ಮಳೆಗೆ ಸಿಕ್ಕ ಸುರುಳಿಯ ಹೊರಗಿನ 15 ಸೆಂ.ಮೀ. ಕೊಳೆತಿದೆ ಎನ್ನೋಣ. ಹಾಳಾದದ್ದು ಎಷ್ಟು? ನೋಟಕ್ಕೆ ಅಲ್ಪವೆನಿಸುತ್ತದೆ. ಸುರುಳಿಯ ವ್ಯಾಸ 150 ಸೆಂ.ಮೀ. ಆದರೆ ತ್ರಿಜ್ಯ 75, ಒಳಗೆ ಉಳಿದದ್ದು 60. ಸಿಲಿಂಡರಿನ ಘನಗಾತ್ರ ತ್ರಿಜ್ಯದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಉಳಿದ ಭಾಗ 3600/5625, ಅಂದರೆ ಶೇ. 64. ಮೂರನೇ ಒಂದು ಪಾಲಿಗಿಂತ ಹೆಚ್ಚು ಹೋಯಿತು! ವ್ಯಾಸ 120 ಸೆಂ.ಮೀ. ಇದ್ದರೆ ನಷ್ಟ ಶೇ. 44, 180 ಇದ್ದರೆ ಶೇ. 31. ನಮ್ಮ ಹಳ್ಳಿಗಳ ಬಣವೆ ದೊಡ್ಡದಾಗಿರುವುದರಲ್ಲೂ ಇದೇ ಲಾಭವಿದೆ. ಅದರ ಇಳಿಜಾರು ತಲೆ ನೀರನ್ನು ಜಾರಿಸುವುದು ಇನ್ನೊಂದು ಅನುಕೂಲ.

ಮಳೆಯಷ್ಟೇ ಶತ್ರುವಲ್ಲ. ಬತ್ತಿ ಎಣ್ಣೆ ಹೀರುವಂತೆ ಹುಲ್ಲು ನೆಲದ ತೇವವನ್ನು ಮೇಲಕ್ಕೆಳೆಯುತ್ತದೆ. ಆದ್ದರಿಂದಲೇ ಸುರುಳಿಗಳನ್ನು ಜಲ್ಲಿಯ ಮೇಲಿಡುವುದು, ಸಾಲುಗಳ ನಡುವೆ ಗಾಳಿಗೆ ಎಡೆ ಬಿಡುವುದು.

ತಿನ್ನುವಾಗಲೂ ಹುಲ್ಲು ಪೋಲಾಗುತ್ತದೆ. ಮಿಚಿಗನ್ ಸ್ಟೇಟ್ ವಿಶ್ವವಿದ್ಯಾಲಯದವರು 2003ರಲ್ಲಿ ಪ್ರಕಟಿಸಿದ ಅಳತೆಗಳಂತೆ ಶಂಕುವಿನಾಕಾರದ ಗೋದಲಿಯಲ್ಲಿ ನಷ್ಟ ಶೇ. 3.5, ಬಳೆಯಾಕಾರದ್ದರಲ್ಲಿ 6.1, ತೊಟ್ಟಿಲಿನಂಥದ್ದರಲ್ಲಿ 14.6.

ಈ ಎರಡು ನಷ್ಟಗಳನ್ನು ಕೂಡಿಸಬಾರದು, ಉಳಿಕೆಗಳನ್ನು ಗುಣಿಸಬೇಕು. ವಿದ್ಯಾರ್ಥಿಗಳು ತಪ್ಪುವುದು ಇಲ್ಲಿಯೇ. 545 ಕಿ.ಗ್ರಾಂ. ತೂಗುವ ಹಸು ದಿನಕ್ಕೆ ಸುಮಾರು 14 ಕಿ.ಗ್ರಾಂ. ಒಣಹುಲ್ಲು ತಿನ್ನುತ್ತದೆ, 120 ದಿನಕ್ಕೆ 1680 ಕಿ.ಗ್ರಾಂ. ಬಯಲಲ್ಲಿಟ್ಟು ಬಳೆ ಗೋದಲಿಯಲ್ಲಿ ಹಾಕಿದರೆ ಬಾಯಿಗೆ ಸೇರುವ ಪಾಲು 0.64 × 0.939 = 0.60. ಹಾಗಾಗಿ 2800 ಕಿ.ಗ್ರಾಂ. ಕೊಳ್ಳಬೇಕು. ಸೂರಿನಡಿಯಲ್ಲಿಟ್ಟು ನಷ್ಟವನ್ನು ಶೇ. 5ಕ್ಕೆ ಇಳಿಸಿದರೆ ಸುಮಾರು 1880 ಸಾಕು.

ಟನ್ನಿಗೆ 150 ಡಾಲರ್ ಎಂದಿಟ್ಟುಕೊಂಡರೆ ಹಸುವೊಂದಕ್ಕೆ ಸುಮಾರು 138 ಡಾಲರ್ ವ್ಯತ್ಯಾಸ. ನೂರು ಹಸುಗಳಿದ್ದವನಿಗೆ ವರ್ಷಕ್ಕೆ 13,800. ಕೊಳೆತ ಪದರವನ್ನು ದನಗಳು ಪೂರ್ತಿ ಬಿಡುವುದಿಲ್ಲ, ನಿಜ. ಆದ್ದರಿಂದ ಇದನ್ನು ಗರಿಷ್ಠ ಅಂದಾಜೆನ್ನಿ. ಅದರ ಅರ್ಧವನ್ನೇ ಹಿಡಿದರೂ, ಹತ್ತು ವರ್ಷ ಬಾಳುವ ಸೂರಿಗೆ ಬಡ್ಡಿ ಬಿಟ್ಟು 69,000 ಡಾಲರಿನವರೆಗೆ ವೆಚ್ಚ ಮಾಡಬಹುದು.