ಬಾನೆಟ್ ತೆರೀವಲ್ದಾ? ಹಿಂಗ್ ಮಾಡ್ರಿ

ದಾವಣಗೆರೆ–ಹರಿಹರ ನಡುವೆ ಇನ್ನೂ ಓಡ್ತಿರೋ ಹಳೇ ಮಾರುತಿ 800 ಇದು. ತಯಾರಿಕೆ ನಿಂತಿದ್ದು 2014ರಲ್ಲಿ. ಬಾನೆಟ್ ಲಿವರ್ ಎಳೆದ್ರೆ ಸಡಿಲಾಗಿ ಬರ್ತದಾ? ಹಂಗಾದ್ರೆ ಕೇಬಲ್ ಕಡಿದಿರಬಹುದು. ಬಾನೆಟ್ ಮಾತ್ರ ಮೀಟಬ್ಯಾಡ್ರಿ, ತಗಡು ಸೊಟ್ಟಾಗ್ತದೆ!

ಲಿವರ್ ಹಿಂದಿನ ತಂತಿ ತುದಿಯನ್ನ ಕಟಿಂಗ್ ಪ್ಲೇಯರ್‌ನಿಂದ ಹಿಡಿದು ಎಳೀರಿ. ಅದೇ ಹೊತ್ತಿಗೆ ಇನ್ನೊಬ್ರು ಬಾನೆಟ್ ಮುಂಭಾಗ ಅದುಮಲಿ. ಲಾಕಿನ ಬಿಗಿ ಇಳಿದ್ರೆ ಎಷ್ಟೋ ಸಲ ಅಷ್ಟಕ್ಕೇ ಟಕ್ ಅಂತ ಬಿಡ್ತದೆ. ಇಲ್ಲಾಂದ್ರೆ ಇಂಜಿನ್ ತಣ್ಣಗಾದ ಮೇಲೆ ಗ್ರಿಲ್ ಬಿಚ್ಚಿ, ಉದ್ದ ಸ್ಕ್ರೂಡ್ರೈವರ್‌ನಿಂದ ಲಾಕ್ ಸರಿಸ್ರಿ.

ಬಾನೆಟ್ ತೆರೆದ ಮೇಲೆ ಲಾಕಿನ ಧೂಳು ಮೆತ್ತಿದ ಗ್ರೀಸನ್ನ ಡೀಸೆಲ್, ಬ್ರಷ್ಷಿನಿಂದ ತೊಳೆದು ಹೊಸ ಗ್ರೀಸ್ ಹಚ್ಚಿ. ಹಳೇ ಕೇಬಲ್ ತುದಿಗೆ ದಾರ ಕಟ್ಟಿ ಎಳೀರಿ. ಅದೇ ದಾರ ಹಿಡಿದು ಹೊಸ ಕೇಬಲ್ ದಾಟಿಸಿ.

ಲಾಕ್ ಸರಿ ಕೂರದಿದ್ರೆ ಹೈವೇನಲ್ಲಿ ಬಾನೆಟ್ ಎದ್ದು ಗಾಜಿಗೇ ಬಡೀಬಹುದು. ಮುಚ್ಚೋಕೆ ಮುಂಚೆ ಸ್ಕ್ರೂಡ್ರೈವರ್‌ನಿಂದ ಲಾಕ್ ಒತ್ತಿ ಕೂರಿಸಿ, ಲಿವರ್ ಎಳೆದು ಬಿಡ್ತದಾ ನೋಡ್ರಿ.