ಹಡಗಲಿಯ ಪ್ರಕಾಶ್, ಹರಪನಹಳ್ಳಿಯ ಸೋಲು

ಎಂ.ಪಿ. ಪ್ರಕಾಶ್ ಉಪಮುಖ್ಯಮಂತ್ರಿಯಾಗಿದ್ದು ಕೆಲವೇ ತಿಂಗಳು. ಹೂವಿನಹಡಗಲಿ ಸೀಮೆಯಲ್ಲಿ ಅವರ ಮಾತು ಬಂದರೆ ಆ ಕುರ್ಚಿಗಿಂತ ಮೊದಲು ನೆನಪಾಗುವುದು ಅವರು ಕಟ್ಟಿದ ರಂಗಸಂಸ್ಥೆ ‘ರಂಗಭಾರತಿ’. ರಾಜಕಾರಣಿಗೆ ಇದು ಹೊಗಳಿಕೆಯೋ ತೆಗಳಿಕೆಯೋ ಓದುಗರೇ ಹೇಳಬೇಕು.

ಪ್ರಕಾಶ್ ಹುಟ್ಟಿದ್ದು 1940ರಲ್ಲಿ, ಮುಂದೆ ತುಂಗಭದ್ರಾ ಹಿನ್ನೀರಿನ ಪಾಲಾದ ನಾರಾಯಣದೇವರಕೆರೆಯಲ್ಲಿ. ವೃತ್ತಿಯಿಂದ ವಕೀಲರು, ಒಲವಿನಿಂದ ಸಮಾಜವಾದಿ. 1983ರಲ್ಲಿ ಜನತಾ ಪಕ್ಷದಿಂದ ಹಡಗಲಿಯಲ್ಲಿ ಗೆದ್ದರು, 1985ರಲ್ಲಿ ಮತ್ತೆ ಗೆದ್ದರು. 1989ರಲ್ಲಿ ಸೋಲು, 1994ರಲ್ಲಿ ಗೆಲುವು, 1999ರಲ್ಲಿ ಸೋಲು, 2004ರಲ್ಲಿ ಗೆಲುವು. ಹಡಗಲಿ ಮತದಾರ ಯಾರನ್ನೂ ಪೂರ್ತಿ ನಂಬಿ ಕೂರುವವನಲ್ಲ. ಎಂಬತ್ತರ ದಶಕದ ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಸಂಸ್ಕೃತಿ ಖಾತೆ ಕೈಗೆ ಬಂದಾಗ ಹಂಪಿ ಉತ್ಸವಕ್ಕೆ ನಾಂದಿ ಹಾಡಿದರು. ಖಾತೆಗಳು ಬಂದುಹೋದವು, ಉತ್ಸವ ಉಳಿದಿದೆ.

2005ರಲ್ಲಿ ಉಪಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ಸಂಪುಟದಿಂದ ಹೊರಬಿದ್ದ ಮೇಲೆ ಧರಂಸಿಂಗ್ ಸರ್ಕಾರದ ಉಪಮುಖ್ಯಮಂತ್ರಿ ಸ್ಥಾನ ಪ್ರಕಾಶರಿಗೆ ಬಂತು. ಮರುವರ್ಷ ಸರ್ಕಾರ ಬಿತ್ತು; ಕುಮಾರಸ್ವಾಮಿ ಬಿಜೆಪಿ ಜತೆ ಸೇರಿ ರಚಿಸಿದ ಸರ್ಕಾರದಲ್ಲಿ ಅವರು ಗೃಹ ಸಚಿವರಾದರು. ಸಮಾಜವಾದಿ ಹಿನ್ನೆಲೆಯವರಿಗೆ ಆ ಜಾಗ ಒಗ್ಗಲಿಲ್ಲ ಎಂದೇ ನನ್ನ ಅನಿಸಿಕೆ. 2007ರ ಅಕ್ಟೋಬರ್‌ನಲ್ಲಿ ಮೈತ್ರಿ ಮುರಿದಾಗ ಕಾಂಗ್ರೆಸ್ ಬೆಂಬಲದಿಂದ ಸರ್ಕಾರ ರಚಿಸುವ ಯತ್ನಕ್ಕೆ ಮುಂದಾದರು. ಅಷ್ಟರಲ್ಲಿ ಅವರ ಪಕ್ಷವಾದ ಜೆಡಿಎಸ್ಸೇ ಮತ್ತೆ ಬಿಜೆಪಿಯತ್ತ ವಾಲಿತು. ಮುಖ್ಯಮಂತ್ರಿ ಪಟ್ಟ ಹತ್ತಿರ ಸುಳಿದು ಹೋಯಿತು.

ಅದಕ್ಕಿಂತ ದೊಡ್ಡ ಏಟು ಕೊಟ್ಟದ್ದು ಕ್ಷೇತ್ರ ಪುನರ್ವಿಂಗಡಣೆ. 2008ರ ಚುನಾವಣೆಗೆ ಹಡಗಲಿ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಕೊಟ್ಟೂರು ಕ್ಷೇತ್ರವೇ ಇಲ್ಲವಾಯಿತು. ಹಗರಿಬೊಮ್ಮನಹಳ್ಳಿಯೂ ಪರಿಶಿಷ್ಟ ಜಾತಿಗೆ, ಕೂಡ್ಲಿಗಿ ಪರಿಶಿಷ್ಟ ಪಂಗಡಕ್ಕೆ ಹೋದವು. ಪಕ್ಕದಲ್ಲಿ ಸಾಮಾನ್ಯ ಕ್ಷೇತ್ರವಾಗಿ ಸಿಕ್ಕದ್ದು ಹರಪನಹಳ್ಳಿ, ಅದೂ ಆಗ ದಾವಣಗೆರೆ ಜಿಲ್ಲೆಯಲ್ಲಿತ್ತು. ಕಾಂಗ್ರೆಸ್ ಸೇರಿ ಅಲ್ಲಿ ನಿಂತ ಪ್ರಕಾಶ್, ಬಿಜೆಪಿಯ ಜಿ. ಕರುಣಾಕರ ರೆಡ್ಡಿ ಎದುರು ಸೋತರು. ಬಳ್ಳಾರಿಯ ಗಣಿ ದುಡ್ಡು ಉಕ್ಕುತ್ತಿದ್ದ ಕಾಲ ಅದು. ನಾಟಕ, ಸಾಹಿತ್ಯದ ಮಾತಾಡುವ ಅಭ್ಯರ್ಥಿಗೆ ಅದು ತಕ್ಕ ಕಾಲವಲ್ಲ.

2011ರ ಫೆಬ್ರುವರಿಯಲ್ಲಿ ಪ್ರಕಾಶ್ ತೀರಿಕೊಂಡರು. 2013ರಲ್ಲಿ ಮಗ ಎಂ.ಪಿ. ರವೀಂದ್ರ ಕಾಂಗ್ರೆಸ್‌ನಿಂದ, 2023ರಲ್ಲಿ ಮಗಳು ಲತಾ ಮಲ್ಲಿಕಾರ್ಜುನ್ ಪಕ್ಷೇತರರಾಗಿ ಹರಪನಹಳ್ಳಿಯಲ್ಲೇ ಗೆದ್ದರು. ಹಡಗಲಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹರಪನಹಳ್ಳಿ ಈ ಐದೂ ಊರುಗಳು ಈಗ ವಿಜಯನಗರ ಜಿಲ್ಲೆಯಲ್ಲಿವೆ.