ಅಂತರ್ಜಾಲ ನಿಂತಾಗ ಎಲ್ಲಿಂದ ಹುಡುಕಬೇಕು?

ಬೆಳೆ ವಿಮೆಯ ಕಂತು ತುಂಬಲು, ಪಹಣಿ ಪಡೆಯಲು, ರೈತ ಸಂಪರ್ಕ ಕೇಂದ್ರದಲ್ಲಿ ರಿಯಾಯತಿ ದರದ ಬೀಜ ಕೊಳ್ಳಲು ಈಗ ಅಂತರ್ಜಾಲ ಬೇಕೇ ಬೇಕು. ವಿಮೆಗೆ ಕೊನೆಯ ದಿನವೆಂದು ಊರಿನ ಸೇವಾ ಕೇಂದ್ರದ ಮುಂದೆ ಜನ ಸಾಲುಗಟ್ಟಿದಾಗ ಸಂಪರ್ಕ ನಿಂತಿತೆಂದು ಎಣಿಸಿರಿ. ಫಸಲ್ ಬಿಮಾ ಯೋಜನೆಯಲ್ಲಿ ಗೋವಿನಜೋಳಕ್ಕೆ ಮುಂಗಾರಿನಲ್ಲಿ ರೈತರು ತುಂಬುವ ಕಂತು ವಿಮಾ ಮೊತ್ತದ ನೂರಕ್ಕೆ 2 ರಷ್ಟು ಮಾತ್ರ. ಆದರೆ ಗಡುವು ತಪ್ಪಿದರೆ ಆ ಹಂಗಾಮಿನ ಬೆಳೆಗೆ ರಕ್ಷಣೆಯಿಲ್ಲ. ಆದುದರಿಂದ ಈ ಯಂತ್ರಗಳ ಸಾಮಾನ್ಯ ರೋಗಗಳನ್ನು ರೈತರೂ ಅರಿತಿರುವುದು ಒಳ್ಳೆಯದು.

ಗ್ರಾಮ ಪಂಚಾಯಿತಿಗಳಿಗೆ ಫೈಬರ್ ತಂತಿ ಎಳೆಯುವ ಯೋಜನೆಗೆ ಕೇಂದ್ರ ಸರಕಾರ 2011 ರಲ್ಲಿ ಒಪ್ಪಿಗೆ ಕೊಟ್ಟಿತು. ಮುಂದೆ ಇದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂದಿತು. ಮನೆ, ಅಂಗಡಿಗಳಿಗೆ ಸಂಪರ್ಕ ಮುಟ್ಟಿಸುವವರು ಮಾತ್ರ ಅನೇಕ ಕಡೆ ಊರಿನ ಸಣ್ಣ ಕೇಬಲ್‌ನವರೇ. ಅವರಲ್ಲಿ ಆಳು ಕಡಿಮೆ, ಊರುಗಳು ಹೆಚ್ಚು. ದೋಷ ಎಲ್ಲಿದೆಯೆಂದು ನೀವು ಸರಿಯಾಗಿ ಹೇಳಿದರೆ ದುರಸ್ತಿ ಬೇಗ ಆದೀತು.

ಜಾಲವೂ ಕಾಲುವೆಯಂತೆ

ಹಾನಗಲ್ಲ ತಾಲೂಕಿನವರಿಗೆ ಧರ್ಮಾ ಕಾಲುವೆ ಹೊಸದಲ್ಲ. ಪೂರೈಕೆದಾರರ ಕೋಣೆಯ ಯಂತ್ರವನ್ನು ಜಲಾಶಯದ ತೂಬು ಎನ್ನಿರಿ. ಅಲ್ಲಿಂದ ಹೊರಟ ಫೈಬರ್ ಕಂಬದ ಮೇಲಿನ ಪೆಟ್ಟಿಗೆಯಲ್ಲಿ ಕವಲಾಗಿ ನಿಮ್ಮ ಮನೆಗೆ ಬರುತ್ತದೆ. ಮನೆಯಲ್ಲಿರುವ ರೌಟರ್ ಹೊರಗಿನ ಜಾಲಕ್ಕೂ ಒಳಗಿನ ಜಾಲಕ್ಕೂ ನಡುವಿನ ಬಾಗಿಲು. ಸ್ವಿಚ್ ಎಂದರೆ ಇಲ್ಲಿ ದೀಪದ ಗುಂಡಿಯಲ್ಲ. ಒಂದು ತಂತಿಯನ್ನು ಹಲವು ಕಂಪ್ಯೂಟರುಗಳಿಗೋ ಮನೆಗಳಿಗೋ ಹಂಚುವ ಪೆಟ್ಟಿಗೆ. ಹೊಲಕ್ಕೆ ನೀರು ಬಾರದಿದ್ದರೆ ನೀವು ಮೊದಲು ನಿಮ್ಮ ಬದುವಿನ ಬಾಯಿ ನೋಡಿ ಅನಂತರ ಮೇಲಕ್ಕೆ ನಡೆಯುತ್ತೀರಿ. ಇಲ್ಲಿಯೂ ಅದೇ ಕ್ರಮ.

ಮನೆಯಲ್ಲಿ ನೋಡಬೇಕಾದುದು

1. ವಿದ್ಯುತ್ತು: ದೀಪ ಉರಿಯದಿದ್ದರೆ ಅಡಾಪ್ಟರ್ ನೋಡಿರಿ. ಯಂತ್ರ ಪದೇ ಪದೇ ತಾನಾಗಿ ನಿಂತು ಶುರುವಾಗುತ್ತಿದ್ದರೆ ಅಡಾಪ್ಟರ್ ಬಲಗುಂದಿರುವ ಸಂಭವ ಹೆಚ್ಚು. ಬದಲಿಸುವಾಗ ಯಂತ್ರದ ಮೇಲೆ ಬರೆದಷ್ಟೇ ವೋಲ್ಟಿನದು ಹಾಕತಕ್ಕದ್ದು. ಆಂಪಿಯರ್ ಮಾತ್ರ ಬರೆದದ್ದಕ್ಕಿಂತ ಕಡಿಮೆ ಇರಕೂಡದು.

2. ದೀಪಗಳು: ‘ಎಲ್‌ಓಎಸ್’ ಎಂಬ ದೀಪ ಕೆಂಪಾಗಿದ್ದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲವೆಂದು ಅರ್ಥ. ತಂತಿ ಹರಿದಿರಬಹುದು, ಇಲಿ ಕಡಿದಿರಬಹುದು, ಮೂಲೆಯಲ್ಲಿ ತೀರ ಮಡಿಚಿರಬಹುದು. ಫೈಬರನ್ನು ಹಗ್ಗದಂತೆ ಗಂಟು ಹಾಕಕೂಡದು. ಅದರ ತುದಿಯನ್ನು ಕಣ್ಣಿಗೆ ಹಿಡಿದು ನೋಡಲೇಕೂಡದು. ಅದರಲ್ಲಿರುವ ಬೆಳಕು ಕಾಣುವುದಿಲ್ಲ. ಆದರೂ ಕಣ್ಣಿಗೆ ಅಪಾಯ.

3. ಆರಿಸಿ ಹೊತ್ತಿಸುವುದು: ಅರ್ಧ ನಿಮಿಷ ಆರಿಸಿ ಮತ್ತೆ ಹೊತ್ತಿಸಿರಿ. ಆದರೆ ಹಿಂಬದಿಯ ಸಣ್ಣ ತೂತಿನೊಳಗೆ ಕಡ್ಡಿ ತೂರಿಸಿ ಒತ್ತಬೇಡಿರಿ. ಹಾಗೆ ಮಾಡಿದರೆ ಪೂರೈಕೆದಾರರು ತುಂಬಿಟ್ಟ ಹೆಸರು, ಗುಪ್ತಪದಗಳೆಲ್ಲ ಅಳಿಸಿಹೋಗಿ, ಇದ್ದ ಸಂಪರ್ಕವೂ ಹೋದೀತು.

4. ವೈಫೈ ಪರೀಕ್ಷೆ: ತಂತಿ ಹಾಕಿದ ಕಂಪ್ಯೂಟರಿಗೆ ಅಂತರ್ಜಾಲ ಬಂದು ಮೊಬೈಲಿಗೆ ಬಾರದಿದ್ದರೆ ತಪ್ಪು ಹೊರಗಿನ ಜಾಲದ್ದಲ್ಲ. ರೌಟರನ್ನು ತಗಡಿನ ಪೆಟ್ಟಿಗೆ, ಫ್ರಿಜ್‌ಗಳ ಮರೆಯಿಂದ ತೆಗೆದು ಎತ್ತರದಲ್ಲಿಡಿರಿ.

ಸ್ವಿಚ್ಚಿನ ರೋಗಗಳು

ಒಂದೇ ಸ್ವಿಚ್ಚಿನಿಂದ ಹಲವರಿಗೆ ತಂತಿ ಹಂಚಿರುವಲ್ಲಿ ಎರಡು ದೋಷಗಳು ಮೇಲಿಂದ ಮೇಲೆ ಕಾಣುತ್ತವೆ.

ಮೊದಲನೆಯದು ಸುತ್ತು. ಖಾಲಿ ಬಿದ್ದ ತಂತಿಯೊಂದನ್ನು ಯಾರೋ ತಿಳಿಯದೆ ಅದೇ ಸ್ವಿಚ್ಚಿನ ಇನ್ನೊಂದು ತೂತಿಗೆ ಸಿಕ್ಕಿಸುತ್ತಾರೆ. ಎಲ್ಲರಿಗೂ ಎಂದು ಕಳಿಸಿದ ಸಂದೇಶ ಆಗ ಹೊರಗೆ ಹೋಗಿ ಮತ್ತೆ ಒಳಗೆ ಬಂದು, ಗಾಣದ ಎತ್ತಿನಂತೆ ನಿಲ್ಲದೆ ಸುತ್ತುತ್ತ ಕ್ಷಣದಲ್ಲಿ ಸಾವಿರಗಟ್ಟಲೆ ಆಗುತ್ತದೆ. ಸ್ವಿಚ್ಚಿನ ದೀಪಗಳೆಲ್ಲ ಒಟ್ಟಿಗೆ ಬಿರುಸಾಗಿ ಮಿನುಗುತ್ತವೆ, ಕೆಲಸ ಮಾತ್ರ ಯಾರದೂ ಆಗುವುದಿಲ್ಲ. ತಂತಿಗಳನ್ನು ಒಂದೊಂದಾಗಿ ಬಿಚ್ಚುತ್ತ ಬನ್ನಿರಿ. ಯಾವುದನ್ನು ಬಿಚ್ಚಿದಾಗ ಮಿನುಗು ತಣಿಯಿತೋ ರೋಗ ಅಲ್ಲಿದೆ. ಈ ಸುತ್ತನ್ನು ಯಂತ್ರವೇ ಕಂಡುಹಿಡಿದು ಮುಚ್ಚುವ ವಿಧಾನವನ್ನು ಅಮೆರಿಕದ ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆ 1985 ರಲ್ಲಿ ರೂಪಿಸಿದರು. ತೀರ ಅಗ್ಗದ ಸ್ವಿಚ್ಚುಗಳಲ್ಲಿ ಸಾಮಾನ್ಯವಾಗಿ ಈ ಸೌಲಭ್ಯ ಇರುವುದಿಲ್ಲ.

ಎರಡನೆಯದು ತಪ್ಪು ತೂತು. ರೌಟರಿನಲ್ಲಿ ಹೊರಗಿನ ತಂತಿಗೆ ‘ವ್ಯಾನ್’ ಎಂಬ ಬೇರೆ ತೂತು ಇರುತ್ತದೆ. ಪೂರೈಕೆದಾರರ ತಂತಿಯನ್ನು ಅದರ ಬದಲು ‘ಲ್ಯಾನ್’ ತೂತಿಗೆ ಹಾಕಿದರೆ ನಿಮ್ಮ ರೌಟರ್ ಓಣಿಯ ಬೇರೆ ಯಂತ್ರಗಳಿಗೂ ಜಾಲದ ವಿಳಾಸ ಹಂಚತೊಡಗುತ್ತದೆ. ಪಾಪ, ನೆರೆಯವರ ಪರದೆಯ ಮೇಲೆ ‘ಸಂಪರ್ಕವಿದೆ’ ಎಂದೇ ಬರುತ್ತದೆ, ಆದರೆ ಏನೂ ತೆರೆಯುವುದಿಲ್ಲ. ಹೊಸ ರೌಟರ್ ಬಂದ ದಿನವೇ ಓಣಿಯಲ್ಲಿ ತೊಂದರೆ ಶುರುವಾದರೆ ಮೊದಲು ಇದನ್ನು ನೋಡಿರಿ.

ಸಿಡಿಲು, ಸೆಕೆ, ದೂರ

ಏಪ್ರಿಲ್, ಮೇ ತಿಂಗಳ ಅಡ್ಡಮಳೆಯ ಸಿಡಿಲಿಗೆ ಬಲಿಯಾಗುವುದು ಹೆಚ್ಚಾಗಿ ತಾಮ್ರದ ತಂತಿ ಎಳೆದ ಕಡೆಯೇ. ಗಾಜಿನ ಎಳೆಯ ಫೈಬರ್ ವಿದ್ಯುತ್ತನ್ನು ಹರಿಸುವುದಿಲ್ಲ, ತಾಮ್ರ ಹರಿಸುತ್ತದೆ. ಆದುದರಿಂದ ಮನೆಯಿಂದ ಮನೆಗೆ ಫೈಬರೇ ಇರಲಿ. ಗುಡುಗು ಕೇಳುವ ಮುನ್ನವೇ, ಮೋಡ ಕಟ್ಟಿದಾಗಲೇ ಅಡಾಪ್ಟರನ್ನೂ ತಾಮ್ರದ ತಂತಿಯನ್ನೂ ಬಿಚ್ಚಿಡಿರಿ. ಒಂದು ತುಂಡು ತಾಮ್ರದ ತಂತಿಗೆ 100 ಮೀಟರಿನ ಮಿತಿಯಿದೆ. ಅದಕ್ಕಿಂತ ದೂರ ಎಳೆದರೆ ಸಂಪರ್ಕ ಬಂದು ಬಂದು ಹೋದೀತು. ತಗಡಿನ ಮಾಡಿನ ಕೆಳಗೆ, ಹಿಟ್ಟಿನ ಗಿರಣಿಯ ಧೂಳಿನಲ್ಲಿ ಇಟ್ಟ ಸ್ವಿಚ್ ಮಧ್ಯಾಹ್ನ ಕೈಕೊಟ್ಟು ಸಂಜೆ ಸರಿಯಾಗುತ್ತಿದ್ದರೆ ಕಾರಣ ಕಾವೆಂದು ತಿಳಿಯಿರಿ.

ದೂರು ಹೇಳುವ ರೀತಿ

ಭತ್ತದ ಎಲೆ ಹಳದಿಯಾಯಿತೆಂದು ಕೂಡಲೇ ಔಷಧಿ ಹೊಡೆಯುವುದು ಜಾಣತನವಲ್ಲ. ಬೇರು ನೋಡಬೇಕು, ನೀರು ನಿಂತಿದೆಯೇ, ಸತುವು ಕಡಿಮೆಯೇ ಎಂದು ವಿಚಾರಿಸಬೇಕು. ಇಲ್ಲಿಯೂ ‘ನೆಟ್ ಬರುತ್ತಿಲ್ಲ’ ಎಂದಷ್ಟೇ ಹೇಳಿದರೆ ಸಾಲದು. ಎಷ್ಟು ಗಂಟೆಗೆ ನಿಂತಿತು, ಯಾವ ದೀಪ ಕೆಂಪು, ನಿಮಗೊಬ್ಬರಿಗೋ ಇಡೀ ಓಣಿಗೋ, ಮಳೆಯ ಅಥವಾ ವಿದ್ಯುತ್ ವ್ಯತ್ಯಯದ ಅನಂತರವೋ, ಈ ನಾಲ್ಕನ್ನು ಚೀಟಿಯಲ್ಲಿ ಬರೆದು ಫೋನಿನಲ್ಲಿ ಓದಿ ಹೇಳಿರಿ. ಒಬ್ಬರಿಗೇ ಆದರೆ ದೋಷ ಮನೆಯಲ್ಲಿ ಅಥವಾ ಮನೆಯ ತಂತಿಯಲ್ಲಿ. ಓಣಿಗೆಲ್ಲ ಆದರೆ ಕಂಬದ ಪೆಟ್ಟಿಗೆಯಲ್ಲಿ ಅಥವಾ ಸ್ವಿಚ್ಚಿನಲ್ಲಿ. ಊರಿಗೇ ಆದರೆ ಇನ್ನೂ ಮೇಲೆ.

ಪೂರೈಕೆದಾರರೂ ತಮ್ಮ ಕೋಣೆಗೆ ಬ್ಯಾಟರಿ, ಒಳ್ಳೆಯ ಅರ್ಥಿಂಗ್ ಮಾಡಿಸಿ, ಪ್ರತಿ ತಂತಿಗೂ ಹೆಸರಿನ ಚೀಟಿ ಅಂಟಿಸಿ, ಒಂದು ಸ್ವಿಚ್ಚನ್ನು ಹೆಚ್ಚಿಗೆ ಇಟ್ಟುಕೊಂಡರೆ ಅರ್ಧ ದಿನದ ಕೆಲಸ ಅರ್ಧ ಗಂಟೆಯಲ್ಲಿ ಮುಗಿದೀತು.

ಎಲ್ಲಕ್ಕಿಂತ ಮುಖ್ಯವಾಗಿ, ವಿಮೆಯ ಅರ್ಜಿಯನ್ನು ಕೊನೆಯ ದಿನದವರೆಗೆ ಉಳಿಸಿಕೊಳ್ಳಬೇಡಿರಿ. ಬಿತ್ತನೆಯಾದ ವಾರದಲ್ಲೇ ಪಹಣಿ, ಆಧಾರ್, ಬ್ಯಾಂಕಿನ ಪುಸ್ತಕ ಹಿಡಿದು ಹೋಗಿ ಕಂತು ತುಂಬಿರಿ, ರಶೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿರಿ.